ತೆಲಗಿಯ ಕಾಲು ಒತ್ತಿದವರು ಯಾರು?

ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಗೆ ಜೈಲಿನಲ್ಲಿ ನಿಜಕ್ಕೂ ಕಾಯಿಲೆ ಇತ್ತೇ ಎಂಬ ಜಗಳ ಅವನು ಸತ್ತು ಇಷ್ಟು ವರ್ಷವಾದರೂ ಮುಗಿದಿಲ್ಲ. 2023ರಲ್ಲಿ ಅವನ ಮೇಲೆ ವೆಬ್ ಸರಣಿ ಬಂದ ಮೇಲಂತೂ ನಮ್ಮ ಕಡೆ ಈ ಮಾತಿಗೆ ಮತ್ತೆ ಜೀವ ಬಂತು. ಹಾನಗಲ್ಲಿರಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರಿರಲಿ, ಉಪನೋಂದಣಿ ಕಚೇರಿಯ ಎದುರು ಬಾಂಡ್ ಬರೆಯುವವರ ಮೇಜಿನ ಬಳಿ ನಿಂತರೆ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು, “ಎಲ್ಲಾ ನಾಟಕ, ಜೈಲಿನಾಗ ರಾಜನಂಗ ಇದ್ದ.” ಇನ್ನೊಂದು, ದನಿ ತಗ್ಗಿಸಿ, “ಬಾಯಿ ಬಿಡ್ತಾನಂತ ಮುಗಿಸಿದ್ರು.” ಮೊದಲನೆಯದು ಅರ್ಧ ಸತ್ಯ. ಎರಡನೆಯದಕ್ಕೆ ಆಧಾರವೇ ಇಲ್ಲ.

ತೆಲಗಿಯ ಊರು ಖಾನಾಪುರ ನಮಗೇನೂ ಪರದೇಶವಲ್ಲ. ಅಲ್ಲಿ 1961ರಲ್ಲಿ ಹುಟ್ಟಿ, ರೈಲಿನಲ್ಲಿ ಹಣ್ಣು ತರಕಾರಿ ಮಾರಿ ಓದಿದ ಹುಡುಗ ಮುಂಬೈಯಲ್ಲಿ ಛಾಪಾ ಕಾಗದದ ಪರವಾನಗಿ ಪಡೆದದ್ದು, ನಾಸಿಕದ ಸರ್ಕಾರಿ ಮುದ್ರಣಾಲಯದ ಹಳೆಯ ಯಂತ್ರಗಳನ್ನು ಕೈವಶ ಮಾಡಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅವನ ದೊಡ್ಡ ಗಿರಾಕಿಗಳು ಬ್ಯಾಂಕುಗಳು, ವಿಮಾ ಕಂಪನಿಗಳು, ಷೇರು ದಲ್ಲಾಳಿಗಳು. ಎಕರೆ ಹೊಲದ ಖರೀದಿ ಪತ್ರ ಬರೆಸುವ ರೈತನಲ್ಲ. ಆದರೂ ಹಗರಣ ಬಯಲಾದಾಗ ಟ್ರಂಕಿನಿಂದ ವಾಟ್ನಿ ಪತ್ರ ತೆಗೆದು ಬೆಳಕಿಗೆ ಹಿಡಿದು ನೋಡಿದವನು ರೈತನೇ. ತೆಲಗಿ 2001ರ ನವೆಂಬರಿನಲ್ಲಿ ಅಜ್ಮೇರಿನಲ್ಲಿ ಸಿಕ್ಕಿಬಿದ್ದ. 2006ರಲ್ಲಿ ಹತ್ತು ವರ್ಷ, 2007ರಲ್ಲಿ ಹದಿಮೂರು ವರ್ಷ ಶಿಕ್ಷೆ, ಜೊತೆಗೆ 202 ಕೋಟಿ ರೂಪಾಯಿ ದಂಡ.

ಕಾಯಿಲೆಯ ವಿಚಾರಕ್ಕೆ ಬರೋಣ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅವನಿಗೆ ವರ್ಷಗಳಿಂದ ಇದ್ದವು. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ಒಂದಷ್ಟು ಕಾಲ ಗಾಲಿಕುರ್ಚಿಯಲ್ಲಿದ್ದ. 2017ರ ಜುಲೈ 12ರಂದು ಅಂದಿನ ಕಾರಾಗೃಹ ಡಿಐಜಿ ಡಿ. ರೂಪಾ ತಮ್ಮ ಮೇಲಧಿಕಾರಿಗೆ ಕೊಟ್ಟ ವರದಿಯಲ್ಲಿ ತೆಲಗಿಯ ಹೆಸರೂ ಇತ್ತು: ಆತ ಎದ್ದು ಓಡಾಡುವಂತಾದ ಮೇಲೂ ಮೂರ್ನಾಲ್ಕು ವಿಚಾರಣಾಧೀನ ಕೈದಿಗಳು ಅವನ ಕೈಕಾಲು, ಭುಜ ಒತ್ತುತ್ತಿದ್ದಾರೆ ಎಂದು. ಮೇಲಧಿಕಾರಿ ಆರೋಪಗಳನ್ನು ಅಲ್ಲಗಳೆದರು. ಕೆಲವೇ ದಿನಗಳಲ್ಲಿ ರೂಪಾ ಸಂಚಾರ ವಿಭಾಗಕ್ಕೆ ವರ್ಗವಾದರು. ನಾಡಿನ ಗಮನವೆಲ್ಲ ಅದೇ ವರದಿಯಲ್ಲಿದ್ದ, ಅದೇ ಜೈಲಿನ ಕೈದಿ, ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರ ವಿಶೇಷ ಅಡುಗೆಮನೆಯ ಕಡೆ ಹರಿಯಿತು. ಅಕ್ಟೋಬರ್ 23ರಂದು ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತೆಲಗಿ ಸತ್ತ. ವಯಸ್ಸು 56.

ಅಂದರೆ ಕಾಯಿಲೆಯೂ ನಿಜ, ಸೇವೆಯೂ ನಿಜವಿರಬಹುದು. ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದು ನಮಗೆ ಹೇಳಿದವರು ಯಾರು? ನ್ಯೂಯಾರ್ಕಿನ ಮಾಫಿಯಾ ದೊರೆ ವಿನ್ಸೆಂಟ್ ಜೈಗಾಂಟೆ ಸ್ನಾನದ ನಿಲುವಂಗಿ ತೊಟ್ಟು ಬೀದಿಯಲ್ಲಿ ಗೊಣಗುತ್ತ ತಿರುಗಿ, ದಶಕಗಳ ಕಾಲ ಹುಚ್ಚನಂತೆ ನಟಿಸಿದ. 2003ರಲ್ಲಿ ನ್ಯಾಯಾಲಯದ ಮುಂದೆ ತಾನೇ ಒಪ್ಪಿಕೊಂಡ. ಅವನೂ ಎರಡು ವರ್ಷದ ನಂತರ ಸೆರೆಯಲ್ಲೇ ರೋಗದಿಂದ ಸತ್ತ. ಸುಳ್ಳುಗಾರನಿಗೆ ರೋಗ ಬರಬಾರದೆಂದು ಎಲ್ಲಿಯೂ ಬರೆದಿಲ್ಲ.

ತೆಲಗಿಯ ಕಾಯಿಲೆಯನ್ನು ಜನ ನಂಬದಂತೆ ಮಾಡಿದ್ದು ತೆಲಗಿ ಒಬ್ಬನೇ ಅಲ್ಲ, ಅವನನ್ನು ಕಾಯುತ್ತಿದ್ದವರು. 2003ರಲ್ಲಿ ಮುಂಬೈ ಪೊಲೀಸರ ವಶದಲ್ಲಿದ್ದಾನೆ ಎಂದು ಕಾಗದದಲ್ಲಿದ್ದವನು ತನ್ನದೇ ಫ್ಲ್ಯಾಟಿನಲ್ಲಿ ಪೊಲೀಸರ ಜೊತೆ ಕೂತಿದ್ದು ತನಿಖಾಧಿಕಾರಿಗಳ ಕಣ್ಣಿಗೇ ಬಿತ್ತು. ಸೆರೆಯೇ ಹೀಗಿದ್ದ ಮೇಲೆ ಆಸ್ಪತ್ರೆಯ ಚೀಟಿಯನ್ನು ಯಾರು ನಂಬುತ್ತಾರೆ? ಏಡ್ಸ್ ಎಂಬ ಮಾತು ಹಬ್ಬಿದಾಗ ನಮ್ಮವರು ಅದನ್ನು ವಿಧಿಯ ಶಿಕ್ಷೆ ಎಂಬಂತೆ ಚಪ್ಪರಿಸಿದ್ದು ಇನ್ನೊಂದು ನಾಚಿಕೆಗೇಡು. ರೋಗ ಯಾವ ಕೋರ್ಟಿನ ತೀರ್ಪೂ ಅಲ್ಲ.

ನನ್ನನ್ನು ಕಾಡುವುದು ಆ ಮೂರ್ನಾಲ್ಕು ಜನ. ವಿಚಾರಣಾಧೀನ ಕೈದಿ ಎಂದರೆ ಅಪರಾಧ ಇನ್ನೂ ಸಾಬೀತಾಗದವನು. ಅವನಿಂದ ಜೈಲಿನ ಕೆಲಸವನ್ನೇ ಬಲವಂತವಾಗಿ ಮಾಡಿಸುವಂತಿಲ್ಲ. ಅಂಥವರು ಶಿಕ್ಷೆಯಾದ ಸಾಹುಕಾರನ ಕಾಲು ಒತ್ತಿದ್ದಾರೆಂದು ಹಿರಿಯ ಅಧಿಕಾರಿಯೊಬ್ಬರು ಬರೆದು ಕೊಟ್ಟರು. ಪತ್ರಿಕೆಗಳು ತೆಲಗಿಯ ಫೋಟೊ ಹಾಕಿದವು. ಒತ್ತಿದವರು ಯಾರು, ಯಾವ ಊರಿನವರು, ದುಡ್ಡಿಗೋ ಹೆದರಿಕೆಗೋ, ಜಾಮೀನಿಗೆ ಭದ್ರತೆ ಕೊಡುವವರಿಲ್ಲದೆ ಒಳಗೇ ಕೊಳೆಯುತ್ತಿದ್ದವರೋ ಎಂದು ಯಾವ ಟಿವಿಯೂ ಕೂಗಲಿಲ್ಲ. ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರೇ. ಹಿರೇಕೆರೂರು, ಹಾನಗಲ್ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಹುಡುಗ ಯಾವುದೋ ಬಡಿದಾಟದಲ್ಲಿ ಒಳಗೆ ಹೋದರೆ, ಅವನವ್ವ ಒಂದು ಭೇಟಿಗೆ ಎರಡು ದಿನದ ಕೂಲಿ ಬಿಟ್ಟು, ಬಸ್ಸಿಗೆ ಸಾಲ ಮಾಡಿ ಹೋಗಬೇಕು. ಆ ಹುಡುಗನಿಗೆ ಎದೆ ನೋವು ಬಂದರೆ ಗಾಲಿಕುರ್ಚಿ ತರುವವರು ಯಾರು? ಅವನ ನೋವು ನಿಜವೋ ಸುಳ್ಳೋ ಎಂದು ವಾರ್ಡನ್ನೇ ತೀರ್ಮಾನಿಸುತ್ತಾನೆ.

ತೆಲಗಿಯ ಬಾಯಿಯಿಂದ ಹೊರಬರಬೇಕಾದದ್ದು ಬರಲೇ ಇಲ್ಲ ಎಂಬ ಕೊರಗಿಗೂ ಇಲ್ಲಿ ಒಂದು ಮಾತು ಸಲ್ಲಬೇಕು. ಬಂಧನದಿಂದ ಸಾವಿನವರೆಗೆ ಹದಿನಾರು ವರ್ಷ ಅವನು ಸರ್ಕಾರದ ಕೈಯಲ್ಲೇ ಇದ್ದ. ಕೇಳುವ ಮನಸ್ಸಿದ್ದವರಿಗೆ ಅಷ್ಟು ಸಮಯ ಸಾಲಲಿಲ್ಲವೇ? 2018ರ ಡಿಸೆಂಬರ್ 31ರಂದು ನಾಸಿಕದ ನ್ಯಾಯಾಲಯ ರೈಲಿನಲ್ಲಿ ಛಾಪಾ ಕಾಗದ ಕದ್ದ ಪ್ರಕರಣದಲ್ಲಿ ಸಾಕ್ಷ್ಯವಿಲ್ಲವೆಂದು ಸತ್ತ ತೆಲಗಿಯೂ ಸೇರಿ ಎಲ್ಲ ಆರೋಪಿಗಳನ್ನು ಬಿಡುಗಡೆ ಮಾಡಿತು. ಇದು ರೋಗ ತಂದ ಸೋಲಲ್ಲ, ತನಿಖೆಯ ಸೋಲು.

ಬಂಧನದಲ್ಲಿ ಸತ್ತವರ ವಿಷಯವನ್ನು 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕೆಂಬ ನಿಯಮ 1993ರಿಂದ ಇದೆ. ಆದರೆ ಬದುಕಿರುವಾಗ ಕೈದಿ ನೋವೆಂದ ದಿನಕ್ಕೂ ಅವನನ್ನು ಆಸ್ಪತ್ರೆಗೆ ಕರೆದೊಯ್ದ ದಿನಕ್ಕೂ ನಡುವೆ ಎಷ್ಟು ದಿನ ಕಳೆಯಿತು ಎಂಬ ಲೆಕ್ಕ ಸಾರ್ವಜನಿಕರ ಕಣ್ಣಿಗೆ ಬೀಳುವುದಿಲ್ಲ. ಹಾವೇರಿ ಜಿಲ್ಲೆಯ ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಗೆ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಎಂದು ಮೂರು ವಿಧಾನಸಭಾ ಕ್ಷೇತ್ರಗಳಿವೆ. ಮೂವರು ಶಾಸಕರೂ ಮುಂದಿನ ಅಧಿವೇಶನದಲ್ಲಿ ಇದೊಂದು ಪ್ರಶ್ನೆ ಹಾಕಲಿ: ಹಾವೇರಿ ಜಿಲ್ಲಾ ಕಾರಾಗೃಹದಲ್ಲೂ ಪರಪ್ಪನ ಅಗ್ರಹಾರದಲ್ಲೂ ನಮ್ಮ ಜಿಲ್ಲೆಯ ಕೈದಿಗಳು ಎಷ್ಟು ಜನ ಕಾಯಿಲೆ ಬಿದ್ದರು, ಎಷ್ಟು ದಿನಕ್ಕೆ ವೈದ್ಯರನ್ನು ಕಂಡರು, ಎಷ್ಟು ಜನ ಸತ್ತರು? ಉತ್ತರ ಲಿಖಿತವಾಗಿ ಬರಲಿ.