ಲೀಟರಿಗೆ ಎಷ್ಟು ಕೊಡತೈತಿ ಅಂತ ಕೇಳಬ್ಯಾಡ್ರಿ!

ಹೋದ ವಾರ ಗೆಳೆಯರೊಬ್ಬರು ತಮ್ಮ ಬ್ಲಾಗಿನಲ್ಲಿ ಕಾರುಗಳ ಒಂದು ಪಟ್ಟಿ ಹಾಕಿದ್ದರು. ಮಾರುತಿ, ಹುಂಡೈ, ಟಾಟಾ, ಮಹೀಂದ್ರ, ಟೊಯೋಟಾ... ಪ್ರತಿಯೊಂದರ ಎದುರಿಗೆ ಮೈಲೇಜು, ಸರ್ವಿಸ್ ಖರ್ಚು, ಕೊನೆಗೆ ಕಿಲೋಮೀಟರಿಗೆ ಇಷ್ಟು ರೂಪಾಯಿ ಅಂತ ತೀರ್ಪು. ಶ್ರದ್ಧೆಯಿಂದ ಮಾಡಿದ ಪಟ್ಟಿ, ಅನುಮಾನವೇ ಇಲ್ಲ. ಅಲ್ಲೇ ಕೆಳಗೆ ಎರಡು ಸಾಲು ಕಮೆಂಟ್ ಹಾಕೋಣ ಅಂತ ಕೂತೆ. ಅದು ಉದ್ದವಾಗುತ್ತಾ ಹೋಯಿತು, ಹಾಗಾಗಿ ಇಲ್ಲಿಗೇ ತಂದಿದ್ದೇನೆ. ಅವರು ಬೇಸರ ಮಾಡಿಕೊಳ್ಳಬಾರದು. ಆದರೆ ಆ ಪಟ್ಟಿ ನಂಬಿ ನವಲಗುಂದದಲ್ಲೋ ಅಣ್ಣಿಗೇರಿಯಲ್ಲೋ ಯಾರಾದರೂ ಗಾಡಿ ತಗೊಂಡರೆ ಮೈಮೇಲೆ ಸುಮ್ಮಸುಮ್ಮನೆ ಸಾಲ ಏರುತ್ತದೆ. ಜಗಳ ಇರೋದು ಅಲ್ಲಿ.

ಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: "ವರ್ಷಕ್ಕೆ 15,000 ಕಿ.ಮೀ. ಓಡಿದರೆ". ಸ್ವಾಮಿ, ಯಾರು ಓಡುತ್ತಾರೆ? ದಿನಾ ವೈಟ್‌ಫೀಲ್ಡಿಗೆ ಹೋಗಿ ಬರುವವರು ಓಡಬಹುದು. ನಮ್ಮ ಕಡೆ ಮನೆಯಿಂದ ಹೊಲಕ್ಕೆ ನಾಲ್ಕು ಕಿಲೋಮೀಟರ್, ವಾರಕ್ಕೊಮ್ಮೆ ಸಂತೆ, ತಿಂಗಳಿಗೆರಡು ಸಲ ಹುಬ್ಬಳ್ಳಿ, ಸುಗ್ಗಿ ಮುಗಿದ ಮೇಲೆ ಒಂದಷ್ಟು ಮದುವೆ, ವರ್ಷಕ್ಕೊಂದು ಸಲ ಸವದತ್ತಿ ಎಲ್ಲಮ್ಮ. ನನ್ನ ಡೈರಿ ತೆಗೆದು ನೋಡಿದೆ, 8,000 ದಾಟಿದ ವರ್ಷವೇ ಇಲ್ಲ. ಉಳಿದ ದಿನ ಗಾಡಿ ಬೇವಿನ ಮರದ ಕೆಳಗೆ ನಿಂತಿರುತ್ತದೆ, ಮೇಲೆ ಕೋಳಿ ಕೂತಿರುತ್ತದೆ.

ಈಗ ಲೆಕ್ಕ ಹಾಕೋಣ. ನಮ್ಮ ಕಾಕಾ ಇವತ್ತಿಗೂ ಒಂದೇ ಮಾತು ಹೇಳುತ್ತಾನೆ, "ತಮ್ಮಾ, ತಗೊಂಡ್ರ ಡೀಸೆಲ್ ಗಾಡಿನ ತಗೋ." ಕಾಕಾನ ಮಾತಿಗೂ ಒಂದು ಕಾಲ ಇತ್ತು. 2012ರ ಮೇ ಕೊನೆಗೆ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿತ್ತು, ಡೀಸೆಲ್ 41ರ ಒಳಗಿತ್ತು. ಲೀಟರಿಗೆ 32 ರೂಪಾಯಿ ಅಂತರ! ಆಗ ಡೀಸೆಲ್ ಬಿಟ್ಟು ಪೆಟ್ರೋಲ್ ಗಾಡಿ ತಗೊಂಡವನನ್ನು ಊರು ಹುಚ್ಚ ಅಂತಿತ್ತು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. 2025ರಲ್ಲಿ ನಮ್ಮ ರಾಜ್ಯದಲ್ಲಿ ಪೆಟ್ರೋಲ್ 103, ಡೀಸೆಲ್ 91ರ ಆಸುಪಾಸು. ಅಂತರ 12 ರೂಪಾಯಿಗೆ ಬಂದು ನಿಂತಿತ್ತು.

ಪೆಟ್ರೋಲ್ ಗಾಡಿ ಲೀಟರಿಗೆ 18, ಡೀಸೆಲ್ 21 ಅಂತ ಇಟ್ಟುಕೊಳ್ಳಿ. ಈ ದರದಲ್ಲಿ 8,000 ಕಿ.ಮೀ.ಗೆ ಪೆಟ್ರೋಲ್ ಖರ್ಚು ಸುಮಾರು 45,800, ಡೀಸೆಲ್ ಖರ್ಚು 34,700. ವರ್ಷಕ್ಕೆ ಉಳಿತಾಯ 11 ಸಾವಿರ ಚಿಲ್ಲರೆ. ಡೀಸೆಲ್ ಗಾಡಿಗೆ ಒಂದೂಕಾಲು ಲಕ್ಷ ಹೆಚ್ಚು ಕೊಟ್ಟಿದ್ದರೆ ಆ ದುಡ್ಡು ವಾಪಸ್ ಬರೋಕೆ 11 ವರ್ಷ ಬೇಕು. ಆ ಒಂದೂಕಾಲು ಲಕ್ಷವೂ ಸಾಲದ್ದೇ ಆದರೆ ಬಡ್ಡಿ ಬೇರೆ. ಗೆಳೆಯರ 15,000 ಕಿ.ಮೀ. ಲೆಕ್ಕ ಹಿಡಿದರೆ ಅದೇ ದುಡ್ಡು ಆರು ವರ್ಷಕ್ಕೆ ಹುಟ್ಟುತ್ತದೆ. ಅಂದರೆ ಆ ಪಟ್ಟಿ ಸುಳ್ಳಲ್ಲ, ನಮ್ಮದಲ್ಲ ಅಷ್ಟೇ.

ಇಷ್ಟಕ್ಕೇ ಮುಗಿಯಲಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂತು. ಮಾರುತಿಯವರು ಆಗ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟರು. ಉಳಿದವರ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿದಿಡುವ ಒಂದು ಫಿಲ್ಟರ್ ಕೂತಿದೆ, ಡಿಪಿಎಫ್ ಅಂತಾರೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು. ಹಾಗೆ ಸುಡಬೇಕಾದರೆ ಗಾಡಿ ಆಗಾಗ ಹೈವೇ ಮೇಲೆ ಒಂದೇ ವೇಗದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಬಿಸಿಯಾಗಿ ಓಡಬೇಕು. ಮನೆಯಿಂದ ಹೊಲಕ್ಕೆ ಸೆಕೆಂಡ್ ಗೇರಿನಲ್ಲಿ ನಾಲ್ಕು ಕಿ.ಮೀ. ಹೋಗಿ, ಆರಿಸಿ, ಮತ್ತೆ ಬಂದರೆ ಮಸಿ ತುಂಬುತ್ತದೆಯೇ ಹೊರತು ಸುಡುವುದಿಲ್ಲ. ದೀಪ ಹತ್ತುತ್ತದೆ, ಎಳೆತ ಕಡಿಮೆಯಾಗುತ್ತದೆ, ಆಮೇಲೆ ಹುಬ್ಬಳ್ಳಿ ಗೋಕುಲ ರೋಡು! "ಒರಟು ರಸ್ತೆಗೆ ಡೀಸೆಲ್ಲೇ ಗಟ್ಟಿ" ಅನ್ನುವ ಜನಕ್ಕೆ ಇದನ್ನು ಶೋರೂಮಿನ ಹುಡುಗ ಹೇಳುವುದಿಲ್ಲ. ಅವನಿಗೂ ತಿಂಗಳ ಟಾರ್ಗೆಟ್ ಇರುತ್ತದಲ್ಲ.

ಇನ್ನು ಮೈಲೇಜು. ಕಂಪನಿ ಹೇಳುವ ಅಂಕಿ ಪ್ರಯೋಗಶಾಲೆಯಲ್ಲಿ ಬರುವಂಥದ್ದು. ಗಾಡಿ ಉರುಳೆಗಳ ಮೇಲೆ ನಿಂತಲ್ಲೇ ಓಡುತ್ತದೆ, ಏಸಿ ಹಾಕಿರುವುದಿಲ್ಲ, ಎದುರಿಗೆ ಎಮ್ಮೆ ಬರುವುದಿಲ್ಲ. ಆ ಅಂಕಿಗಿಂತ ದೊಡ್ಡ ಸುಳ್ಳು ಅಂದರೆ ಕಟ್ಟೆ ಮೇಲೆ ಕೂತವರ ಅಂಕಿ. ತನ್ನ ಗಾಡಿಯ ಮೈಲೇಜಿನ ವಿಷಯದಲ್ಲಿ ಖರೆ ಹೇಳಿದ ಗಂಡಸನ್ನು ನಾನಂತೂ ಇನ್ನೂ ನೋಡಿಲ್ಲ (ನಾನೂ ಹೇಳಿಲ್ಲ :-) ).

ಪಟ್ಟಿಯಲ್ಲಿ ಒಂದೇ ಒಂದು ಸಲವೂ ಬಾರದ ಪದ ಯಾವುದು ಗೊತ್ತೇ? ಮಣ್ಣು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಹುಪಾಲು ಎರಿ ನೆಲ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರೂ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ದೊಡ್ಡ ಗುಂಡಿ ಇಲ್ಲದಿದ್ದರೂ ರಸ್ತೆ ಅಲೆ ಅಲೆಯಾಗಿರುತ್ತದೆ. ಲಿಂಕ್ ರಾಡು, ಬುಶ್, ಬಾಲ್ ಜಾಯಿಂಟು, ಶಾಕ್‌ಅಬ್ಸಾರ್ಬರ್ ಬಹಳ ದಿನ ತಾಳುವುದಿಲ್ಲ. ಬೇಸಿಗೆಯಲ್ಲಿ ಹಿಟ್ಟಿನಂಥ ದೂಳು ಏರ್ ಫಿಲ್ಟರಿಗೆ ಹೋಗುತ್ತದೆ. ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರಿಗೆ ಬದಲಾಯಿಸೋಣ ಅಂತ ಕಾಯ್ದರೆ ಇಂಜಿನ್ನಿಗೇ ಹೊಡೆತ. ಮಳೆಗಾಲದಲ್ಲಿ ಕೆಸರು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಒಣಗಿ, ಕಲ್ಲಾಗುತ್ತದೆ. ಮರುದಿನ ಕುಡಗೋಲು ಹಿಡಿದು ಕೆತ್ತಿ ತೆಗೆದದ್ದುಂಟು! ಇದೇ ಜಿಲ್ಲೆಯ ಕಲಘಟಗಿಗೆ ಹೋಗಿ, ಅಲ್ಲಿ ಬೇರೆ ಲೋಕ. ಮಲೆನಾಡಿನ ಸೆರಗು, ಕೆಂಪು ಮಣ್ಣು, ಭತ್ತದ ಗದ್ದೆ, ಯಲ್ಲಾಪುರದ ಕಡೆಗೆ ಕಾಡು. ಒಂದೇ ಜಿಲ್ಲೆಯಲ್ಲಿ ಒಂದೇ ಗಾಡಿಗೆ ಎರಡು ಖರ್ಚು.

"ಅದಕ್ಕೇ ಬೊಲೆರೋ ತಗೋಬೇಕು" ಅಂತೀರಿ. ಬೊಲೆರೋ ಬಗ್ಗೆ ನನಗೂ ಗೌರವ ಇದೆ. ಕೆಳಗೆ ಲಾರಿಯ ಹಾಗೆ ಚಾಸಿ, ಹಿಂದೆ ಪಾಟಾ, ಹತ್ತು ಜನ ಹತ್ತಿದರೂ ಹ್ಞೂಂ ಅನ್ನುವುದಿಲ್ಲ. ಆದರೆ ಈಗ ಸಿಗುವ ಬೊಲೆರೋ ಕಾರಿಗೆ ಶಕ್ತಿ ಹೋಗೋದು ಹಿಂದಿನ ಎರಡೇ ಗಾಲಿಗೆ. ಹಿಂದೆ ಭಾರವಿಲ್ಲದಿದ್ದರೆ ಎರಿ ರಾಡಿಯಲ್ಲಿ ಅವೂ ತಿರುಗುತ್ತಾ ನಿಲ್ಲುತ್ತವೆ. ನಮ್ಮ ಓಣಿಯಲ್ಲಿ ಆಲ್ಟೋವನ್ನು ಎಳೆದ ಟ್ರ್ಯಾಕ್ಟರೇ ಬೊಲೆರೋವನ್ನೂ ಎಳೆದಿದೆ. ಬಾಡಿಗೆ ಮಾತ್ರ ಬೊಲೆರೋಗೆ ಹೆಚ್ಚು ಕೇಳಿದ, ತೂಕ ನೋಡಿ!

ಇನ್ನು ಕಂಪನಿಗಳ ಹೆಸರಿನ ಜಗಳ. "ಟಾಟಾ ಅಂದ್ರ ಗ್ಯಾರೇಜು, ಮಾರುತಿ ಅಂದ್ರ ತಗಡು." ಧಾರವಾಡದಲ್ಲೇ ಟಾಟಾದವರ ಬಸ್ಸಿನ ಕಾರ್ಖಾನೆ ಇದ್ದರೂ ಈ ಮಾತು ಹೋಗಿಲ್ಲ. 1998ರ ಕೊನೆಗೆ ಇಂಡಿಕಾ ಬಂದಾಗ ಗಿರಾಕಿಗಳ ದೂರು ಬಹಳ ಇದ್ದವು, ನಿಜ. 2001ರಲ್ಲಿ ತಿದ್ದಿದ ವಿ2 ಬಂತು. ಕಾಲು ಶತಮಾನ ಆದರೂ ನಾವು ಮೊದಲನೇ ಇಂಡಿಕಾದ ಸಿಟ್ಟಿನ ಮೇಲೇ ಬದುಕಿದ್ದೇವೆ. ನಗೆ ಬರುವ ಸಂಗತಿ ಬೇರೆ ಇದೆ. ಸ್ವಿಫ್ಟ್ ಡೀಸೆಲ್‌ನವರು ಮತ್ತು ಇಂಡಿಕಾ ವಿಸ್ತಾದವರು ಬಸ್‌ಸ್ಟ್ಯಾಂಡಿನಲ್ಲಿ "ನಮ್ಮ ಇಂಜಿನ್ ಗಟ್ಟಿ, ನಿಮ್ಮದು ಪೊಳ್ಳು" ಅಂತ ವಾದಿಸುತ್ತಿದ್ದ ಕಾಲದಲ್ಲಿ ಎರಡರೊಳಗೂ ಇದ್ದದ್ದು ಫಿಯಾಟಿನ ಅದೇ 1.3 ಲೀಟರಿನ ಮಲ್ಟಿಜೆಟ್! ಡಿಸೈರ್, ಲಿನಿಯಾ, ಪುಂಟೋ, ಎರ್ಟಿಗಾ ಎಲ್ಲ ಒಂದೇ ತಾಯಿಯ ಮಕ್ಕಳು. ಇಂಜಿನ್ ಒಂದೇ ಆದರೂ ಸ್ವಿಫ್ಟಿಗೆ ಹಳೇ ಮಾರುಕಟ್ಟೆಯಲ್ಲಿ ಬೆಲೆ ನಿಂತಿತು, ಲಿನಿಯಾ ಇಟ್ಟುಕೊಂಡವನನ್ನು ಕೇಳುವವರಿಲ್ಲ. ಬಿಡಿಭಾಗ ಯಾವ ಅಂಗಡಿಯಲ್ಲಿ ಸಿಗುತ್ತದೆ, ಬಿಚ್ಚಿ ಜೋಡಿಸಿದ ಕೈ ಎಷ್ಟು ದೂರದಲ್ಲಿದೆ, ವ್ಯತ್ಯಾಸ ಮಾಡಿದ್ದು ಅದು. ಈಗಲೂ ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್ ಒಂದೇ ಗಾಡಿ, ಲಾಂಛನ ಬೇರೆ.

ಕಂಪನಿಯೇ ಎದ್ದು ಹೋದರೆ? ಷೆವರ್ಲೆಯವರು 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿದರು. ಫೋರ್ಡ್ 2021ರಲ್ಲಿ, ಡಾಟ್ಸನ್ 2022ರಲ್ಲಿ. ಬೆಂಗಳೂರಿನವನಿಗೆ ಬಿಡಿಭಾಗ ಹೇಗೋ ಹುಡುಕಿ ಸಿಗುತ್ತದೆ. ಅಣ್ಣಿಗೇರಿಯ ತವೇರಾದವನು ಏನು ಮಾಡಬೇಕು?

ಇಷ್ಟು ಸಿಟ್ಟು ಯಾಕೆ ಅಂದರೆ, ನಾನೂ ಅಂಥದ್ದೇ ಒಂದು ಪಟ್ಟಿ ಓದಿ ಗಾಡಿ ತಗೊಂಡವನು. ಯಾವ ಕಂಪನಿ ಅಂತ ಹೇಳುವುದಿಲ್ಲ. ಹೇಳಿದರೆ ಕಮೆಂಟುಗಳೆಲ್ಲ ಅದರ ಕುಸ್ತಿಯೇ ಆಗುತ್ತವೆ. ಪಟ್ಟಿಯಲ್ಲಿ ಅದಕ್ಕೆ ಒಳ್ಳೆಯ ಅಂಕ ಇತ್ತು. ಮೂರನೇ ವರ್ಷದ ಶ್ರಾವಣ. ರಾತ್ರಿ ಎರಡು ಗಂಟೆಗೆ ಅವ್ವನಿಗೆ ಎದೆನೋವು ಅಂತ ಹುಬ್ಬಳ್ಳಿಗೆ ಹೊರಟೆವು. ಯಮನೂರ ಹತ್ತಿರ ಬೆಣ್ಣಿಹಳ್ಳದ ಕಡೆ ರಸ್ತೆ ಮೇಲೆ ಒಂದು ಗೇಣು ನೀರು. ಚಾಂಗದೇವರು ಹಳ್ಳದ ನೀರಿನಿಂದ ದೀಪ ಹಚ್ಚಿದರು ಅಂತ ಪ್ರತೀತಿ ಇರುವ ಊರದು. ನನ್ನ ಗಾಡಿಯೂ ನೀರು ಕಂಡು ದೀಪ ಹಚ್ಚಿತು, ಡ್ಯಾಶ್‌ಬೋರ್ಡಿನ ಮೇಲೆ, ಹಳದಿ ಬಣ್ಣದ್ದು. ಆಮೇಲೆ ಎಷ್ಟು ಒತ್ತಿದರೂ ಇಪ್ಪತ್ತರ ಮೇಲೆ ಏರಲಿಲ್ಲ, ಸ್ವಲ್ಪ ದೂರಕ್ಕೆ ನಿಂತೇ ಬಿಟ್ಟಿತು. ಊರಿಗೆ ಫೋನ್ ಮಾಡಿ ಪಕ್ಕದ ಮನೆಯವರ ಹಳೇ ಓಮ್ನಿ ತರಿಸಿ, ಅವ್ವನನ್ನು ಅದರಲ್ಲಿ ಮಲಗಿಸಿಕೊಂಡು ಹೋದೆವು. ಅವ್ವ ಉಳಿದಳು. ಡಾಕ್ಟರು "ಇನ್ನೂ ತಡ ಆಗಿದ್ರ..." ಅಂತ ಅಲ್ಲಿಗೇ ಮಾತು ನಿಲ್ಲಿಸಿದರು.

ಗಾಡಿಯಲ್ಲಿ ಕೆಟ್ಟಿದ್ದು ಒಂದು ಸೆನ್ಸರ್. ಬೆಲೆ ದೊಡ್ಡದಲ್ಲ. ಆದರೆ ಅದು ಹೊರಗಿನಿಂದ ಬರಬೇಕಿತ್ತು, ಬರೋಕೆ ಹನ್ನೊಂದು ದಿನ. ಗಾಡಿ ಎಳೆಸಿದ ಬಾಡಿಗೆ, ಹುಬ್ಬಳ್ಳಿಗೆ ಓಡಾಡಿದ ಖರ್ಚು, ಕೆಲಸ ಬಿಟ್ಟ ದಿನಗಳು ಸೇರಿಸಿದರೆ ಆ ಸೆನ್ಸರಿನ ಬೆಲೆ ಎಷ್ಟೋ ಪಟ್ಟು. ಯಾವ ಪಟ್ಟಿಯ ಯಾವ ಕಾಲಮ್ಮಿನಲ್ಲಿ ಇದನ್ನು ಬರೆಯುತ್ತೀರಿ? ನವಲಗುಂದದಿಂದ ಹುಬ್ಬಳ್ಳಿಗೆ ಹೋಗಿ ಬರೋದು ಅಂದರೆ ಹೆಚ್ಚುಕಡಿಮೆ ಎಂಬತ್ತು ಕಿ.ಮೀ. ಸರ್ವಿಸ್‌ಗೆ ಬೆಳಿಗ್ಗೆ ಬಿಟ್ಟು ಸಂಜೆ ತರೋದು ಅಂದರೆ ಒಂದು ದಿನದ ಕೂಲಿ ಹೋಯಿತು. ಕಡಲೆ ಒಕ್ಕುವ ಹೊತ್ತಿನಲ್ಲಾದರೆ ಇನ್ನೂ ಹೆಚ್ಚು. (ಅವ್ವ ಮಾತ್ರ ಈಗ ಬಸ್ಸಿಗೇ ಹೋಗುತ್ತಾಳೆ. 2023ರ ಜೂನಿನಿಂದ ಶಕ್ತಿ ಯೋಜನೆ, ಅವಳ ಕಿಲೋಮೀಟರ್ ಖರ್ಚು ಸೊನ್ನೆ. ನಮ್ಮ ಮನೆಯಲ್ಲಿ ಅತಿ ಕಡಿಮೆ ಖರ್ಚಿನ ವಾಹನ ವಾಯವ್ಯ ಸಾರಿಗೆಯದೇ.)

ಒಂದು ಕಡೆ ನಾನು ಸೋಲೊಪ್ಪುತ್ತೇನೆ. ಬೆಂಗಳೂರಿನ ನಮ್ಮ ಭಾವ "ಸ್ಟಾರ್ ನೋಡಿ ತಗೊಳ್ರಿ" ಅಂತಾರೆ. ಮೊದಲು ನಗುತ್ತಿದ್ದೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದ ಆಲ್ಟೋ 800, ನ್ಯಾನೋ, ಐ10, ಫಿಗೋ, ಪೋಲೋ ಐದನ್ನೂ ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಬಂದಿತ್ತು. 2018ರಲ್ಲಿ ನೆಕ್ಸಾನ್ ಐದು ಸ್ಟಾರ್ ತಗೊಂಡಿತು, 2024ರಲ್ಲಿ ಮಾರುತಿಯ ಡಿಸೈರ್ ಕೂಡ. 2021ರ ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಇಟಿಗಟ್ಟಿ ಹತ್ತಿರ ಬೈಪಾಸಿನಲ್ಲಿ ದಾವಣಗೆರೆಯ ಹೆಣ್ಣುಮಕ್ಕಳಿದ್ದ ಟೆಂಪೋಗೂ ಟಿಪ್ಪರಿಗೂ ಡಿಕ್ಕಿಯಾಗಿ ಹನ್ನೊಂದು ಜನ ಹೋದ ಮೇಲೆ ನನಗೆ ಆ ನಗು ಬರುವುದಿಲ್ಲ. ಅಲ್ಲಿ ರಸ್ತೆಯ ತಪ್ಪೂ ಇತ್ತು, ಎರಡೇ ಲೇನಿನ ಬೈಪಾಸು. ಆದರೂ ಏರ್‌ಬ್ಯಾಗಿನಲ್ಲಿ ಉಳಿತಾಯ ಮಾಡಬೇಡಿ.

ಹಾಗಾದರೆ ನೀನು ಏನು ತಗೊಳ್ತೀಯಾ ಅಂದರೆ: ವರ್ಷಕ್ಕೆ ಹತ್ತು ಸಾವಿರದೊಳಗೆ ಓಡುವವನಿಗೆ ಟರ್ಬೋ ಇಲ್ಲದ ಸಾದಾ ಪೆಟ್ರೋಲ್ ಇಂಜಿನ್ನು, ಊರಲ್ಲಿ ಈಗಾಗಲೇ ಹತ್ತು ಜನರ ಹತ್ತಿರ ಇರುವ ಗಾಡಿ, ರಬ್ಬರು ದಪ್ಪ ಇರುವ ಸಣ್ಣ ರಿಮ್ಮಿನ ಟೈರು. ದೊಡ್ಡ ಅಲಾಯ್ ಗಾಲಿ ನಮ್ಮ ರಸ್ತೆಗೆ ತಂದರೆ ರಿಮ್ಮಿಗೆ ಬೇರೆ ದುಡ್ಡು ಇಟ್ಟುಕೊಳ್ಳಿ. ನೆಲದಿಂದ ಎತ್ತರ 170 ಮಿ.ಮೀ. ಆದರೂ ಇರಲಿ. ಮಾರುತಿಯಾಗಲಿ, ಟಾಟಾ, ಹುಂಡೈ ಆಗಲಿ, ನನ್ನ ತಕರಾರಿಲ್ಲ. ಹಳದಿ ಬೋರ್ಡು ಹಾಕಿ ದಿನಕ್ಕೆ ನೂರೈವತ್ತು ಕಿ.ಮೀ. ಹೊಡೆಯುವವನ ಕಥೆ ಬೇರೆ, ಅವನು ಇನ್ನೋವಾ, ಬೊಲೆರೋ, ಡೀಸೆಲ್ ಏನಾದರೂ ತಗೊಳ್ಳಲಿ, ಅವನಿಗೆ ಅದು ಹುಟ್ಟುತ್ತದೆ.

ಮೊನ್ನೆ ನಮ್ಮೂರ ಮಿಸ್ತ್ರಿಗೆ ಕೇಳಿದೆ, "ಮುಂದಿನ ಗಾಡಿ ಯಾವುದು ತಗೊಳ್ಳಿ?" ಅವನು ಸ್ಪ್ಯಾನರ್ ಕೆಳಗಿಡದೇ ಹೇಳಿದ, "ಯಾವುದರ ತಗೋರಿ ಅಣ್ಣಾರ. ಲ್ಯಾಪ್‌ಟಾಪ್ ಹಚ್ಚಿದ್ರನ ಬಾಯಿ ಬಿಡೋ ಗಾಡಿ ಇದ್ರ ನನ್ನ ಹತ್ರ ತರಬ್ಯಾಡ್ರಿ."

ಗೆಳೆಯರೇ, ನಿಮ್ಮಲ್ಲೂ ಹಳ್ಳಿ ಕಡೆ ಗಾಡಿ ಇಟ್ಟವರು ಬಹಳ ಜನ ಇದ್ದೀರಿ. ಕೆಳಗೆ ಮೂರೇ ಅಂಕಿ ಬರೆಯಿರಿ: ವರ್ಷಕ್ಕೆ ಎಷ್ಟು ಕಿ.ಮೀ. ಓಡಿತು, ಎಷ್ಟು ದಿನ ಗ್ಯಾರೇಜಿನಲ್ಲಿ ನಿಂತಿತು, ಆ ಗ್ಯಾರೇಜು ನಿಮ್ಮ ಮನೆಯಿಂದ ಎಷ್ಟು ದೂರ. ಮೈಲೇಜು ಬ್ಯಾಡ್ರಿ, ಅದನ್ನ ನಾ ನಂಬೂದಿಲ್ಲ.