ಪಾಲುದಾರನಂತೆ! ಪಾಲು ಎಲ್ಲಿ?



ನಿಮ್ಮೂರಿನಿಂದಲೂ ಒಂದಿಬ್ಬರು ಹುಡುಗರು ಬೆಂಗಳೂರು ಸೇರಿರಬೇಕು. ಏನು ಕೆಲಸ ಅಂದರೆ 'ಕಂಪನೀಲಿ' ಅನ್ನುತ್ತೀರಿ. ಯಾವ ಕಂಪನಿ? ಬೆನ್ನಿಗೆ ಚೌಕದ ಚೀಲ ಕಟ್ಟಿಕೊಂಡು ಹೋಟೆಲಿನ ಬಿರಿಯಾನಿಯನ್ನು ಐದನೇ ಮಹಡಿಗೆ ಮುಟ್ಟಿಸುವ ಕಂಪನಿ. ಸ್ವಿಗ್ಗಿಯೋ ಜೊಮ್ಯಾಟೊವೋ. ಗಾಡಿ ಅವನದು, ಗಾಡಿಯ ಸಾಲ ಅವನದು, ಪೆಟ್ರೋಲು ಅವನದು, ಪೊಲೀಸರ ದಂಡ ಅವನದು, ಬಿದ್ದರೆ ಮುರಿಯುವ ಕಾಲೂ ಅವನದೇ. ದರ ಮಾತ್ರ ಕಂಪನಿಯದು.

ಇದು ನಮಗೆ ಹೊಸದೇನ್ರೀ? ಬೀಜ ನಮ್ಮದು, ಗೊಬ್ಬರ ನಮ್ಮದು, ಬೆವರು ನಮ್ಮದು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದವನು ದಲ್ಲಾಳಿ. ಈಗ ಟವೆಲ್ಲಿನ ಜಾಗಕ್ಕೆ ಮೊಬೈಲು ಬಂದಿದೆ, ಅಷ್ಟೇ. ನಮ್ಮನ್ನು 'ಅನ್ನದಾತ' ಅಂತ ಹೊಗಳಿ ಬರಿಗೈಲಿ ಕಳಿಸಿದರು. ಈ ಹುಡುಗರಿಗೆ 'ಪಾಲುದಾರ' ಅಂತ ಹೆಸರಿಟ್ಟಿದ್ದಾರೆ. ನೌಕರ ಅಂದರೆ ಕನಿಷ್ಠ ಕೂಲಿ, ಭವಿಷ್ಯನಿಧಿ, ಇ.ಎಸ್.ಐ. ಎಲ್ಲ ಮೈಮೇಲೆ ಬರುತ್ತದಲ್ಲ!

2022ರ ಮಾರ್ಚ್‌ನಲ್ಲಿ ಜೊಮ್ಯಾಟೊ ಹತ್ತೇ ನಿಮಿಷದಲ್ಲಿ ಊಟ ಮುಟ್ಟಿಸುತ್ತೇವೆಂದು ಸಾರಿತು. ತಡವಾದರೆ ಹುಡುಗನಿಗೆ ದಂಡವಿಲ್ಲ ಎಂದೂ ಸೇರಿಸಿತು. ದಂಡ ಯಾಕೆ ಬೇಕು ಸ್ವಾಮಿ? ಆರ್ಡರಿಗಿಷ್ಟು ಎಂದು ಕೂಲಿ ಕಟ್ಟಿದ ಮೇಲೆ ಹೊಟ್ಟೆಯೇ ಚಾಟಿ. ಮಳೆನೀರು ನಿಂತ ಗುಂಡಿಯೊಳಗೆ, ಎದುರು ಬರುವ ಲಾರಿಯ ಮುಂದೆ ನುಗ್ಗು ಅಂತ ಯಾರೂ ಹೇಳಬೇಕಾಗಿಲ್ಲ; ಇನ್ನೆರಡು ಆರ್ಡರು ಸಿಕ್ಕೀತೆಂದು ಅವನೇ ನುಗ್ಗುತ್ತಾನೆ.

ಕಾನೂನು ಇಲ್ಲವೇ ಅಂದರೆ, ಇದೆ. 2023ರಲ್ಲಿ ರಾಜಸ್ಥಾನ ಮಾಡಿತು, 2025ರಲ್ಲಿ ಕರ್ನಾಟಕವೂ ಮಾಡಿತು. ಹುಡುಗನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸು ಕೊಡಬೇಕು. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಒಂದು ಆರ್ಡರಿಗೆ ಕನಿಷ್ಠ ಇಷ್ಟು ಎಂಬ ಮಾತು ಅದರಲ್ಲಿ ಎಲ್ಲಿದೆ? ನಾವು ಬೆಲೆ ಕೇಳಿದಾಗ ಸಬ್ಸಿಡಿ ತೋರಿಸಿದರಲ್ಲ, ಅದೇ ಚಾಳಿ.

ಪೇಟೆ ಹುಡುಗರ ಗೊಡವೆ ನಮಗೇಕೆ ಅನ್ನುವ ಯಜಮಾನರೂ ಇದ್ದಾರೆ. ಸೊಸೈಟಿ ಸಾಲದ ಕಂತು ಹೋದ ವರ್ಷ ಯಾವ ದುಡ್ಡಿನಿಂದ ಕಟ್ಟಿದಿರಿ ಅಂತ ಅವರು ತಮ್ಮ ಮನೆಯಲ್ಲೇ ಕೇಳಿ ನೋಡಲಿ. ಬೆಳೆಗೆ ಬೆಲೆ ಸಿಕ್ಕಿದ್ದರೆ ಆ ಹುಡುಗ ಊರು ಯಾಕೆ ಬಿಡುತ್ತಿದ್ದ?

ಮುಂದಿನ ಸಭೆಯಲ್ಲಿ ವೈಜ್ಞಾನಿಕ ಬೆಲೆಯ ನಿರ್ಣಯ ಬರೆಯುವಾಗ ಕೆಳಗೆ ಇನ್ನೊಂದು ಸಾಲು ಸೇರಿಸಿ: ಆರ್ಡರಿಗೆ ಕನಿಷ್ಠ ದರ, ಕಾಯುವ ಹೊತ್ತಿಗೂ ಕೂಲಿ, ಕಂಪನಿಯ ಖರ್ಚಿನಲ್ಲೇ ಅಪಘಾತ ವಿಮೆ. ಹಬ್ಬಕ್ಕೆ ಮಗ ಬಂದಾಗ, ಕಂಪನಿಯವರು ನಿನ್ನ ಹೆಸರನ್ನು ಕಲ್ಯಾಣ ಮಂಡಳಿಗೆ ಕೊಟ್ಟಿದ್ದಾರೇನಪ್ಪಾ ಅಂತ ಕೇಳುವುದನ್ನೂ ಮರೆಯಬೇಡಿ.