ಮುಚ್ಚುತ್ತಿರುವ ಕೊನೆಯ ಬಾಗಿಲು

ಹೋದ ವರ್ಷ ಒಂದು ಸಂಜೆ ನನ್ನ ತಮ್ಮನ ಮಗ ಮನೆಗೆ ಬಂದು, ಅಪ್ಪನಿಗೆ ತಿಳಿಸಬಾರದೆಂಬ ಷರತ್ತಿನೊಡನೆ 6,000 ರೂಪಾಯಿ ಕೇಳಿದ. ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿರುವ ಹುಡುಗ. ತನಗೆ ಬೇಕಾದ ಎಲೆಗಳನ್ನು ಆಯ್ದು ಕಟ್ಟು ಜೋಡಿಸಿಕೊಂಡು ಎದುರಾಳಿಯೊಡನೆ ಕಂಪ್ಯೂಟರಿನಲ್ಲಿ ಆಡುವ ಆಟವೊಂದರಲ್ಲಿ ಅವನಿಗೆ ಪರಿಣತಿ. ಅದರ ಅಂತಿಮ ಸುತ್ತು ಮುಂಬಯಿಯಲ್ಲಿ. ವರ್ಷವಿಡೀ ನಡೆದ ಅರ್ಹತಾ ಪಂದ್ಯಗಳಲ್ಲಿ ಅವನಿಗೆ ಸ್ವಲ್ಪದರಲ್ಲೇ ಸ್ಥಾನ ಕೈತಪ್ಪಿತ್ತು. ಅಂತಿಮ ಸುತ್ತಿನ ಹಿಂದಿನ ದಿನ, ಅದೇ ಸಭಾಂಗಣದಲ್ಲಿ, ‘ಕೊನೆಯ ಅವಕಾಶ’ದ ಪಂದ್ಯಾವಳಿ ಇತ್ತು. ಯಾರು ಬೇಕಾದರೂ ಹೆಸರು ಕೊಡಬಹುದು. ಒಮ್ಮೆ ಸೋತರೆ ಹೊರಗೆ. ಕೊನೆಗೆ ಉಳಿದ ಇಬ್ಬರಿಗೆ ಮರುದಿನ ಆಡುವ ಹಕ್ಕು. ಪ್ರವೇಶ ಶುಲ್ಕ 500 ರೂಪಾಯಿ. ಉಳಿದದ್ದು ರೈಲು, ವಸತಿ, ಊಟ.

‘ಇದೊಂದೇ ದಾರಿ ಉಳಿದಿರೋದು, ದೊಡ್ಡಪ್ಪ’ ಎಂದ.

ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವನ ಮನಸ್ಸಿಗೆ ಮೊದಲು ಬಂದ ಪ್ರಶ್ನೆ, ಇದು ಜೂಜಲ್ಲವೇ ಎಂಬುದು. ಎಲೆಯಾಟ, ಹಣ, ಪರಊರು ಎಂಬ ಮೂರು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ನನ್ನ ತಲೆಮಾರಿನವರು ಬೆಚ್ಚುವುದು ಸಹಜ. ನ್ಯಾಯಾಲಯಗಳೂ ಈ ಗೆರೆಯನ್ನು ಎಳೆಯಲು ಬಹಳ ಹೆಣಗಿವೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ. ಪಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬೇರೆಯೇ ದಾರಿ ಹಿಡಿಯಿತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದವನ್ನು ಬದಿಗಿಟ್ಟು, ಹಣ ಒಡ್ಡಿ ಆಡುವುದನ್ನೆಲ್ಲ ಅದು ನಿಷೇಧದ ಕಡೆಗೆ ತಳ್ಳಿತು. ಇ-ಸ್ಪೋರ್ಟ್ಸ್ ಅನ್ನು ಪ್ರತ್ಯೇಕಿಸಿ, ಸ್ಪರ್ಧೆಗೆ ಸೇರಲು ಅಥವಾ ಆಡಳಿತ ವೆಚ್ಚಕ್ಕೆಂದು ಮಾತ್ರ ಶುಲ್ಕ ಪಡೆಯಬಹುದು, ಸಾಧನೆಗೆ ಬಹುಮಾನ ಕೊಡಬಹುದು ಎಂದಿತು. ಸೋತವರ ಹಣವೇ ಗೆದ್ದವನ ಜೇಬು ಸೇರಿದರೆ ಅದು ಪಣ. ಸಭಾಂಗಣದ ಬಾಡಿಗೆಗೆ ಸಂದರೆ ಅದು ಶುಲ್ಕ. ಹುಡುಗನ 500 ರೂಪಾಯಿ ಎರಡನೆಯ ಬಗೆಯದು. ಅಷ್ಟರ ಮಟ್ಟಿಗೆ ನನಗೆ ಸಮಾಧಾನವಾಯಿತು.

ಆದರೆ ನನ್ನ ಎರಡನೆಯ ಪ್ರಶ್ನೆ ಅರ್ಥಶಾಸ್ತ್ರದ್ದು. ಕಾಗದ ತೆಗೆದುಕೊಂಡು ಅವನೆದುರೇ ಲೆಕ್ಕ ಹಾಕಿದೆ. 128 ಮಂದಿ ಬಂದರೆಂದು ಇಟ್ಟುಕೊಳ್ಳೋಣ. ಇಬ್ಬರು ಉಳಿಯಬೇಕಾದರೆ ಪ್ರತಿಯೊಬ್ಬನೂ ಸತತ ಆರು ಪಂದ್ಯ ಗೆಲ್ಲಬೇಕು. ಹತ್ತರಲ್ಲಿ ಐದು ಗೆಲ್ಲುವ ಸಾಧಾರಣ ಆಟಗಾರನಿಗೆ ಇದು ಸಾಧ್ಯವಾಗುವುದು 64ಕ್ಕೆ ಒಂದು ಸಲ. ಹತ್ತರಲ್ಲಿ ಆರು ಗೆಲ್ಲುವ ಜಾಣನಿಗೆ ನೂರಕ್ಕೆ ಸುಮಾರು 4.7 ಸಲ. ಅಂದರೆ ಜಾಣನ ಸಂಭವ ಸಾಧಾರಣನಿಗಿಂತ ಮೂರು ಪಟ್ಟು ಹೆಚ್ಚು; ಆದರೂ ಅವನು ಬರಿಗೈಯಲ್ಲಿ ಮರಳುವುದು ಬಹುಮಟ್ಟಿಗೆ ಖಚಿತ. ಇದನ್ನು ವಿವರಿಸಿ, ನೂರಕ್ಕೆ ಐದರಷ್ಟೂ ಇಲ್ಲದ ಆಸೆಗೆ 6,000 ರೂಪಾಯಿ ಏಕೆ ಎಂದೆ. ‘ಆ ಲೆಕ್ಕ ನಾನೂ ಹಾಕಿದ್ದೀನಿ ದೊಡ್ಡಪ್ಪ. ಇನ್ನುಳಿದ ದಾರಿಯಲ್ಲೆಲ್ಲ ನನ್ನ ಸಂಭವ ಸೊನ್ನೆ’ ಎಂದ. ಹಣ ಕೊಟ್ಟೆ.

ಆ ಉತ್ತರ ಅನಂತರವೂ ನನ್ನನ್ನು ಬಿಡಲಿಲ್ಲ. ಆಯ್ಕೆ ಸಮಿತಿಗಳಲ್ಲಿ ಕುಳಿತವರಿಗೆಲ್ಲ ಗೊತ್ತಿರುವ ಸಂಗತಿಯಿದು: ಅನರ್ಹನನ್ನು ಆರಿಸಿದ ತಪ್ಪು ಕೆಲವೇ ದಿನಗಳಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಅರ್ಹನನ್ನು ಬಿಟ್ಟ ತಪ್ಪು ಯಾರಿಗೂ ಕಾಣುವುದಿಲ್ಲ, ಏಕೆಂದರೆ ಅವನು ಹೊರಗೇ ಉಳಿಯುತ್ತಾನೆ. ಕೊನೆಯ ಅವಕಾಶದ ಸುತ್ತು ಈ ಎರಡನೆಯ ತಪ್ಪನ್ನು ಪರೀಕ್ಷೆಗೆ ಒಡ್ಡುತ್ತದೆ. ‘ಡೋಟಾ 2’ ಎಂಬ ಆಟದ ಜಾಗತಿಕ ಪಂದ್ಯಾವಳಿ 2022ರಲ್ಲಿ ಸಿಂಗಪುರದಲ್ಲಿ ನಡೆಯಿತು. ಬಹುಮಾನದ ಮೊತ್ತ 1.8 ಕೋಟಿ ಡಾಲರಿಗೂ ಹೆಚ್ಚು. ಪ್ರಾದೇಶಿಕ ಸುತ್ತುಗಳಲ್ಲಿ ಎರಡನೆಯ ಮತ್ತು ಮೂರನೆಯ ಸ್ಥಾನಕ್ಕೆ ನಿಂತುಹೋದ 12 ತಂಡಗಳಿಗೆ ಅಲ್ಲಿ ಕೊನೆಯ ಅವಕಾಶವೆಂದು ಎರಡು ಸ್ಥಾನಗಳನ್ನು ಇಡಲಾಗಿತ್ತು. ಅವನ್ನು ಗೆದ್ದ ತಂಡಗಳು ಟೀಮ್ ಸೀಕ್ರೆಟ್ ಮತ್ತು ಟೀಮ್ ಲಿಕ್ವಿಡ್. ಮುಖ್ಯ ಪಂದ್ಯಾವಳಿ ಮುಗಿದಾಗ ಮೊದಲನೆಯದು ಎರಡನೆಯ ಸ್ಥಾನದಲ್ಲಿತ್ತು, ಎರಡನೆಯದು ಮೂರನೆಯ ಸ್ಥಾನದಲ್ಲಿತ್ತು. ಹಿಂಬಾಗಿಲಿನಿಂದ ಬಂದವರು ಮುಂಬಾಗಿಲಿನಿಂದ ಬಂದ ಬಹುತೇಕರನ್ನು ಹಿಂದಿಕ್ಕಿದ್ದರು. ಅಲ್ಲಿಯ ತನಕದ ಆಯ್ಕೆಯ ಕ್ರಮದಲ್ಲಿ ಏನೋ ಕೊರತೆಯಿತ್ತು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸೋಜಿಗವೆಂದರೆ, ಮರುವರ್ಷ ಸಿಯಾಟಲ್‌ನಲ್ಲಿ ನಡೆದ ಅದೇ ಪಂದ್ಯಾವಳಿಯಲ್ಲಿ ಆ ಬಾಗಿಲೇ ಇರಲಿಲ್ಲ. ಇದು ಒಂದು ಆಟದ ಕತೆಯೂ ಅಲ್ಲ. ಎಲೆಯಾಟ ಮತ್ತು ವಿಡಿಯೊ ಆಟ ಎರಡನ್ನೂ ಒಳಗೊಂಡ ಪೋಕೆಮಾನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಮುಖ್ಯ ಸ್ಪರ್ಧೆಗೆ ಮುನ್ನ ಇಂಥದೊಂದು ಸುತ್ತು 2014ರ ವಾಷಿಂಗ್ಟನ್ ಕೂಟದವರೆಗೂ ನಡೆಯುತ್ತಿತ್ತು. 2015ರಲ್ಲಿ ಬಾಸ್ಟನ್‌ಗೆ ಬರುವಷ್ಟರಲ್ಲಿ ಅದನ್ನು ಕೈಬಿಟ್ಟು, ವರ್ಷವಿಡೀ ಗಳಿಸಿದ ಅಂಕಗಳ ಆಧಾರದ ಮೇಲೆ ಆಹ್ವಾನ ಪಡೆದವರೇ ಮೊದಲ ದಿನದಿಂದ ಆಡುವ ಕ್ರಮ ಬಂತು. ‘ವ್ಯಾಲರಂಟ್’ ಎಂಬ ಆಟದಲ್ಲಿ 2021ರಿಂದ 2023ರವರೆಗೆ ಕೊನೆಯ ಅವಕಾಶದ ಸುತ್ತು ಇತ್ತು. 2024ರಲ್ಲಿ ಅಲ್ಲಿಯೂ ಅಂಕಪಟ್ಟಿ ಅದರ ಜಾಗಕ್ಕೆ ಬಂತು.

ಕಂಪನಿಗಳ ದೃಷ್ಟಿಯಿಂದ ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಅಂಕಪಟ್ಟಿ ಆಟಗಾರನನ್ನು ವರ್ಷವಿಡೀ ಕಟ್ಟಿಹಾಕುತ್ತದೆ, ನೋಡುಗನನ್ನೂ ಕೂಡ. ಅಂಕಪಟ್ಟಿಯ ಪರವಾದ ವಾದದಲ್ಲಿ ಹುರುಳಿಲ್ಲವೆಂದೂ ನಾನು ಹೇಳಲಾರೆ. ಎಲೆ ಕಲಸಿ ಹಂಚುವ ಆಟದಲ್ಲಿ ಒಂದು ದಿನದ ಗೆಲುವಿಗಿಂತ ಹತ್ತು ತಿಂಗಳ ಗೆಲುವು ಸಾಮರ್ಥ್ಯದ ಹೆಚ್ಚು ನಂಬಬಹುದಾದ ಅಳತೆ. ಆದರೆ ಅದು ಸಾಮರ್ಥ್ಯದ ಜೊತೆಗೆ ಇನ್ನೊಂದನ್ನೂ ಅಳೆಯುತ್ತದೆ. ಊರಿಂದೂರಿಗೆ ಪಂದ್ಯ ಹುಡುಕಿಕೊಂಡು ಹೋಗಬಲ್ಲವನ ಹಣ ಮತ್ತು ಬಿಡುವು ಎಷ್ಟೆಂಬುದನ್ನು. ರಾಯಚೂರಿನ ಹುಡುಗನೊಬ್ಬ ಮುಂಬಯಿಗೆ ಒಂದು ಸಲ ಹೋಗಿಬರಲು ಸಾಲ ಮಾಡಿಯಾನು. ವರ್ಷಕ್ಕೆ ಎಂಟು ಸಲ ದೆಹಲಿ, ಹೈದರಾಬಾದು, ಬೆಂಗಳೂರು ಸುತ್ತಲಾರ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿದ್ದಾಗ, ‘ಹಾರ್ತ್‌ಸ್ಟೋನ್’ ಎಂಬ ಎಲೆಯಾಟದಲ್ಲಿ ಭಾರತಕ್ಕೆ ಕಂಚು ತಂದ ತೀರ್ಥ ಮೆಹ್ತಾ ಮಹಾನಗರದವರಲ್ಲ, ಕಚ್ಛಿನ ಭುಜ್ ಪಟ್ಟಣದವರು.

ಎಡ್ವರ್ಡ್ ಲೆಜಿಯರ್ ಮತ್ತು ಶೆರ್ವಿನ್ ರೋಸೆನ್ ಎಂಬ ಅರ್ಥಶಾಸ್ತ್ರಜ್ಞರು 1981ರಲ್ಲಿ, ಸಂಸ್ಥೆಗಳಲ್ಲಿ ಬಡ್ತಿಯೂ ಒಂದು ಪಂದ್ಯಾವಳಿಯಂತೆ ಎಂದು ತೋರಿಸಿಕೊಟ್ಟರು. ಬಹುಮಾನಗಳ ನಡುವಿನ ಅಂತರ ದೊಡ್ಡದಿದ್ದಷ್ಟೂ ಜನ ಹೆಚ್ಚು ದುಡಿಯುತ್ತಾರೆ. ಆದರೆ ಹಿಂದೆ ಬಿದ್ದವನಿಗೆ ಮೇಲೇರುವ ಸಾಧ್ಯತೆಯೇ ಇಲ್ಲವೆಂದಾದರೆ ಅವನು ಕೈಚೆಲ್ಲುತ್ತಾನೆ. ಇದಕ್ಕೆ ಸಿದ್ಧಾಂತವೂ ಬೇಕಿಲ್ಲ, ನಮ್ಮ ಯಾವ ಕಚೇರಿಗೆ ಹೋದರೂ ಕಾಣುತ್ತದೆ. ಎಸ್ಸೆಸ್ಸೆಲ್ಸಿಗೆ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಕ್ರಮ ಬಂದಾಗ, ಇದು ಶಿಸ್ತನ್ನು ಸಡಿಲಿಸುತ್ತದೆಂದು ಗೊಣಗಿದವರಲ್ಲಿ ನಾನೂ ಒಬ್ಬ. ಈಗ ಅಷ್ಟು ಖಚಿತವಾಗಿ ಹಾಗೆ ಹೇಳಲಾರೆ.

ಕೊನೆಯ ಅವಕಾಶದ ಸುತ್ತಿನಲ್ಲಿ ಅನ್ಯಾಯವಿಲ್ಲವೆಂದಲ್ಲ. ಅದು ನಡೆಯುವುದು ಅಂತಿಮ ಸ್ಪರ್ಧೆ ನಡೆಯುವ ನಗರದಲ್ಲಿ. ಆ ನಗರದವನು ಸಿಟಿ ಬಸ್ಸಿನಲ್ಲಿ ಬಂದು ಆಡಿ ಹೋಗುತ್ತಾನೆ, ಹೊರಗಿನವನು ಗೆಲ್ಲುವ ಭರವಸೆಯಿಲ್ಲದೆ ಎರಡು ರಾತ್ರಿಯ ವಸತಿಗೆ ಹಣ ಕಟ್ಟಬೇಕು. ಇದನ್ನು ಸರಿಪಡಿಸುವುದು ಅಸಾಧ್ಯವೇನಲ್ಲ. ಆಟ ನಡೆಯುವುದೇ ಕಂಪ್ಯೂಟರಿನಲ್ಲಿ ಎಂದಮೇಲೆ, ಮೊದಲ ಮೂರು ಸುತ್ತುಗಳನ್ನು ಅಲ್ಲಲ್ಲಿಯ ಕಾಲೇಜುಗಳಲ್ಲಿ ಮೇಲ್ವಿಚಾರಣೆಯಲ್ಲಿ ಆಡಿಸಿ, ಉಳಿದವರನ್ನಷ್ಟೇ ಪ್ರಯಾಣವೆಚ್ಚ ಕೊಟ್ಟು ಕರೆಸಿಕೊಳ್ಳಬಹುದು. 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್ ಕೇಂದ್ರ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ಬಂತು. 2025ರ ಕಾಯ್ದೆ ಅದಕ್ಕೆ ಮಾನ್ಯತೆ, ನೋಂದಣಿಗಳ ವ್ಯವಸ್ಥೆಯನ್ನು ಹೇಳುತ್ತದೆ. ನೋಂದಣಿ ಕೊಡುವವರು ಶುಲ್ಕದ ರಸೀದಿಯನ್ನಷ್ಟೇ ಪರಿಶೀಲಿಸಿ ಸುಮ್ಮನಾಗದೆ, ಪ್ರತಿ ರಾಷ್ಟ್ರೀಯ ಪಂದ್ಯಾವಳಿಯಲ್ಲೂ ಕೆಲವು ಸ್ಥಾನಗಳು ಯಾವ ಅಂಕವೂ ಇಲ್ಲದವನಿಗೆ ಕೊನೆಯ ದಿನದವರೆಗೂ ತೆರೆದಿರಬೇಕೆಂಬ ಷರತ್ತು ವಿಧಿಸಲಿ. ಹತ್ತರಲ್ಲಿ ಒಂದು ಸ್ಥಾನವಾದರೂ ಸಾಕು.

ಹುಡುಗ ಮುಂಬಯಿಗೆ ಹೋಗಿಬಂದ. ಮೂರು ಪಂದ್ಯ ಗೆದ್ದು ನಾಲ್ಕನೆಯದರಲ್ಲಿ ಸೋತನಂತೆ. ಖರ್ಚಿನ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು, ಉಳಿದ 340 ರೂಪಾಯಿಯನ್ನು ಮೇಜಿನ ಮೇಲಿಟ್ಟ. ಅವನನ್ನು ಸೋಲಿಸಿದಾತ ಸೊಲ್ಲಾಪುರದಿಂದ ರಿಸರ್ವೇಷನ್ ಇಲ್ಲದೆ ರಾತ್ರಿಯೆಲ್ಲ ನಿಂತು ಬಂದವನಂತೆ. ಅವನೂ ಮುಂದಿನ ಪಂದ್ಯದಲ್ಲಿ ಸೋತನಂತೆ. ಇಬ್ಬರೂ ಈಗ ಫೋನಿನಲ್ಲಿ ದಿನವೂ ಅಭ್ಯಾಸ ನಡೆಸುತ್ತಾರೆ. ಈ ವರ್ಷದ ಪಂದ್ಯಾವಳಿಯ ಪ್ರಕಟಣೆ ಮೊನ್ನೆ ಹೊರಬಿತ್ತು. ಅದರಲ್ಲಿ ಕೊನೆಯ ಅವಕಾಶದ ಸುತ್ತು ಇಲ್ಲ.